ಚದುರಂಗದ ಮಣೆಯೂ ಅಸ್ತೇಯ ವ್ರತವೂ

2021ರ ಜೂನ್ 13ರಂದು ವಿಶ್ವನಾಥನ್ ಆನಂದ್ ಅವರು ಅಕ್ಷಯ ಪಾತ್ರ ಪ್ರತಿಷ್ಠಾನದ ಕೋವಿಡ್ ಪರಿಹಾರ ಕಾರ್ಯಕ್ಕೆ ನಿಧಿ ಕೂಡಿಸುವ ಸಲುವಾಗಿ ಅಂತರ್ಜಾಲದ ಮೂಲಕ ಹಲವು ಗಣ್ಯರೊಡನೆ ಏಕಕಾಲದಲ್ಲಿ ಚದುರಂಗವಾಡಿದರು. ಐದು ಬಾರಿ ವಿಶ್ವವಿಜೇತರಾದ ಅವರು ಅಂದು ಒಂದು ಆಟದಲ್ಲಿ ಸೋಲೊಪ್ಪಿದರು. ಎದುರಾಳಿ ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆಯಾದ ಜೆರೋಧಾದ ಸಹಸಂಸ್ಥಾಪಕ ನಿಖಿಲ್ ಕಾಮತ್. ಮರುದಿನವೇ ಅವರು, ಆಟವನ್ನು ವಿಶ್ಲೇಷಿಸುತ್ತಿದ್ದ ಬೇರೆಯವರ ಹಾಗೂ ಕಂಪ್ಯೂಟರಿನ ನೆರವನ್ನು ತಾವು ಪಡೆದುದಾಗಿ ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೋರಿದರು. ತಾವು ಮಣೆಯ ಮೇಲಿನ ಸ್ಥಿತಿಯನ್ನಷ್ಟೇ ನೋಡಿ ಆಡಿದುದಾಗಿಯೂ ಇತರರಿಂದಲೂ ಅದನ್ನೇ ನಿರೀಕ್ಷಿಸಿದುದಾಗಿಯೂ ಆನಂದರು ಮಿತವಾದ ಮಾತಿನಲ್ಲಿ ತಿಳಿಸಿದರು.

ಆ ಆಟದಲ್ಲಿ ಪಂದ್ಯದ ಹಣವಿರಲಿಲ್ಲ. ಯಾರ ಅಂಕವೂ ಏರಲಿಲ್ಲ, ಇಳಿಯಲಿಲ್ಲ. ಸಂಗ್ರಹವಾದ ನಿಧಿ ಸತ್ಕಾರ್ಯಕ್ಕೇ ಸಂದಿತು. ಹೀಗಿರುವಾಗ ಅಲ್ಲಿ ಕದ್ದದ್ದು ಏನು, ಯಾರಿಂದ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಚದುರಂಗವನ್ನು ಅರಿಯದ ಶ್ರಾವಕ ಬಂಧುಗಳೂ ಈ ಪ್ರಶ್ನೆಯನ್ನು ಆಲೋಚಿಸಬೇಕಾದ ಕಾಲ ಬಂದಿದೆ. ಏಕೆಂದರೆ ಇಂದು ಮನೆಮನೆಯ ಮಕ್ಕಳು ಈ ಆಟಕ್ಕೆ ಕುಳಿತಿದ್ದಾರೆ.

ಕನ್ನಡ ನಾಡಿಗೆ ಚದುರಂಗವು ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ವಿಶೇಷ ಪರಿಶ್ರಮವುಳ್ಳವರಾಗಿದ್ದು, ಕುದುರೆಯು 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಸಂಚರಿಸುವ ಬಂಧಗಳನ್ನು ರಚಿಸಿದ್ದರು. 2017ರಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಮರುವರ್ಷ ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಆ ಪದವಿಗೇರಿದರು. 2024ರ ಡಿಸೆಂಬರಿನಲ್ಲಿ ಹದಿನೆಂಟರ ಹರೆಯದ ಗುಕೇಶ್ ವಿಶ್ವವಿಜೇತನಾದ ಮೇಲಂತೂ ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ಹಳ್ಳಿಗಳ ತಾಯಿತಂದೆಯರ ಬಾಯಲ್ಲೂ ‘ರೇಟಿಂಗ್’ ಎಂಬ ಪದ ಕೇಳಿಬರತೊಡಗಿತು.

ಲಕ್ಷ್ಮೀಶ ಕವಿಯ ಊರೆಂದು ಪ್ರಸಿದ್ಧವಾದ ಕಡೂರು ತಾಲ್ಲೂಕಿನ ದೇವನೂರಿನ ಒಂದು ವರ್ತಕ ಕುಟುಂಬದಲ್ಲಿ ನಡೆದ ಪ್ರಸಂಗವು ಇಲ್ಲಿ ಉಲ್ಲೇಖಾರ್ಹ. ಆ ಮನೆಯ ಹಿರಿಯರು ಕೊಬ್ಬರಿ, ಅಡಿಕೆ ವ್ಯಾಪಾರದಲ್ಲಿ ಬಾಳು ಸವೆಸಿದವರು. ಹೈಸ್ಕೂಲಿನಲ್ಲಿ ಓದುವ ಮೊಮ್ಮಗ ಎರಡು ದಿನಗಳ ರೇಟಿಂಗ್ ಪಂದ್ಯಾವಳಿಗೆ ಹೋಗಿದ್ದ. ಮೊದಲ ದಿನದ ರಾತ್ರಿ ಪರಿಚಯದ ಹುಡುಗನೊಬ್ಬ ಅವನ ಬಳಿ ಬಂದು, ಕೊನೆಯ ಸುತ್ತಿನಲ್ಲಿ ತಮ್ಮಿಬ್ಬರಿಗೇ ಆಟ ಬಿದ್ದರೆ ಸೋತುಕೊಡಬೇಕೆಂದು ಕೇಳಿದ. ಇಬ್ಬರ ರೇಟಿಂಗೂ ಹೆಚ್ಚುಕಡಿಮೆ ಒಂದೇ. ಆ ಹುಡುಗನಿಗೆ ಗೊತ್ತಾದ ಒಂದು ಅಂಕಮಟ್ಟವನ್ನು ಮುಟ್ಟುವುದು ಬೇಕಾಗಿತ್ತು. ಮುಂದಿನ ಪಂದ್ಯಾವಳಿಯಲ್ಲಿ ಋಣ ತೀರಿಸುವುದಾಗಿ ಅವನು ಮಾತು ಕೊಟ್ಟ.

ಹುಡುಗನು ರಾತ್ರಿಯೇ ದೂರವಾಣಿಯಲ್ಲಿ ತಾತನನ್ನು ಕೇಳಿದ: “ತಾತ, ಸೋತರೆ ಹೋಗೋದು ನನ್ನ 20 ಅಂಕ ತಾನೆ? ನನ್ನದನ್ನ ನಾನೇ ಸ್ನೇಹಿತನಿಗೆ ಕೊಟ್ಟರೆ ಅದು ಕಳ್ಳತನ ಹೇಗಾಗುತ್ತೆ?”

ಹಿರಿಯರು ಕೋಪಿಸಿಕೊಳ್ಳಲಿಲ್ಲ. “ಆ 20 ಅಂಕ ಬಂದದ್ದು ಹೇಗಪ್ಪ? ಅದರ ಲೆಕ್ಕ ಮೊದಲು ಹೇಳು” ಎಂದರು.

ಮೊಮ್ಮಗ ಹೇಳಿದ ಲೆಕ್ಕವಿದು. ಅಂಕಪದ್ಧತಿಯನ್ನು ರೂಪಿಸಿದವರು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಬೋಧಿಸಿದ ಆರ್ಪಾದ್ ಎಲೋ. 1924ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆ 1970ರಲ್ಲಿ ಅದನ್ನು ಅಂಗೀಕರಿಸಿತು. ಇಬ್ಬರು ಆಟಗಾರರ ಅಂಕಗಳ ಅಂತರದಿಂದ ಯಾರು ಎಷ್ಟು ಗಳಿಸಬಹುದೆಂಬ ನಿರೀಕ್ಷೆಯನ್ನು ಲೆಕ್ಕಹಾಕುತ್ತಾರೆ. ಅಂತರ 200 ಇದ್ದರೆ ಮೇಲಿನವನು ನೂರಕ್ಕೆ ಸುಮಾರು 76ರಷ್ಟು ಪಾಲು ಗಳಿಸಬೇಕು. ಸಮಬಲರಾದರೆ ನಿರೀಕ್ಷೆ ಅರ್ಧರ್ಧ. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ಅಂಕ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಹದಿನೆಂಟು ತುಂಬದ ಹುಡುಗರಿಗೆ ಈ ಏರಿಳಿತದ ಗುಣಕ ಸಾಮಾನ್ಯವಾಗಿ 40. ಆದಕಾರಣ ಸಮಬಲರಾದ ಇಬ್ಬರು ಹುಡುಗರಲ್ಲಿ ಗೆದ್ದವನಿಗೆ 20 ಜಮೆ, ಸೋತವನಿಗೆ 20 ಖರ್ಚು.

ಜಮಾಖರ್ಚು ಬರೆದು ಬಲ್ಲ ಹಿರಿಯರಿಗೆ ಇದು ಒಡನೆಯೇ ಅರ್ಥವಾಯಿತು. ಅವರು ನೀಡಿದ ಉತ್ತರದ ಸಾರ ಹೀಗಿತ್ತು: ಅಂಕವೆಂಬುದು ಹುಡುಗನ ಕಿಸೆಯ ಹಣವಲ್ಲ, ಅದು ತಕ್ಕಡಿಯ ಬಟ್ಟು. ಹಣವನ್ನು ದಾನ ಮಾಡಬಹುದು. ಒಂದು ಕಿಲೋ ಬಟ್ಟಿನ ತೂಕವನ್ನು ಸ್ವಲ್ಪ ಕೆರೆದು ಸ್ನೇಹಿತನಿಗೆ ದಾನ ಕೊಟ್ಟೆನೆಂದು ಯಾವ ವರ್ತಕನೂ ಹೇಳಲಾರ. ಬಟ್ಟು ಅಂಗಡಿಯಲ್ಲಿದ್ದರೂ ಅದರ ಸತ್ಯ ಗಿರಾಕಿಗಳೆಲ್ಲರಿಗೂ ಸೇರಿದ್ದು. ಸುಳ್ಳು 20 ಅಂಕ ಪಡೆದವನು ನಾಳೆ ಮೂರನೆಯ ಹುಡುಗನ ಎದುರು ಕೂರುತ್ತಾನೆ. ಆ ಹುಡುಗನ ನಿರೀಕ್ಷೆ, ಗಳಿಕೆ, ನಷ್ಟಗಳೆಲ್ಲವೂ ಕೆಟ್ಟ ಬಟ್ಟಿನಿಂದಲೇ ತೂಗಲ್ಪಡುತ್ತವೆ. ಅದೇ ಪಂದ್ಯಾವಳಿಯಲ್ಲಿ ನ್ಯಾಯವಾಗಿ ಆಡಿ ಒಂದು ಸ್ಥಾನ ಕೆಳಗಿಳಿದ ಬಾಲಕನಿಗೆ ತಾನು ಬಹುಮಾನ ಕಳೆದುಕೊಂಡದ್ದೇಕೆಂಬುದು ತಿಳಿಯುವುದೇ ಇಲ್ಲ.

ಮರುದಿನ ಕೊನೆಯ ಸುತ್ತಿನಲ್ಲಿ ಆ ಇಬ್ಬರಿಗೇ ಆಟ ಬಿತ್ತು. ಮೊಮ್ಮಗ ಮನಸ್ಸಿಟ್ಟು ಆಡಿದ. ಅರವತ್ತಕ್ಕೂ ಹೆಚ್ಚು ನಡೆಗಳಾದ ಮೇಲೆ ಆಟ ಸಮವಾಯಿತು. ಕೆಲವು ತಿಂಗಳು ಆ ಹುಡುಗನು ಇವನೊಡನೆ ಮಾತು ಬಿಟ್ಟಿದ್ದ. ಸತ್ಯಕ್ಕೆ ಇಷ್ಟಾದರೂ ಬೆಲೆ ತೆರಬೇಕಾಗುತ್ತದೆಂಬುದನ್ನು ಮಕ್ಕಳಿಂದ ಮರೆಮಾಚಬಾರದು.

ಹಿರಿಯರ ಮಾತಿಗೆ ಶಾಸ್ತ್ರಾಧಾರವಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಸ್ತೇಯ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವೂ ಒಂದು. ಕೊಡುವಾಗ ಕಿರಿದಾದ ಅಳತೆಯನ್ನೂ ಕೊಳ್ಳುವಾಗ ಹಿರಿದಾದ ಅಳತೆಯನ್ನೂ ಬಳಸುವುದೇ ಅದು. ಅಳತೆಯನ್ನು ಕೆಡಿಸುವುದನ್ನು ಆಚಾರ್ಯರು ಕಳ್ಳತನದ ಪಟ್ಟಿಯಲ್ಲಿಯೇ ಇರಿಸಿದರೆಂಬುದು ಗಮನಾರ್ಹ. ಚದುರಂಗದಲ್ಲಿ ಈ ಅತಿಚಾರದ ಎರಡು ಮುಖಗಳೂ ಉಂಟು. ರೊಮೇನಿಯಾದ ಅಲೆಕ್ಸಾಂಡ್ರು ಕ್ರಿಶಾನನ ಅಂಕ 2600ನ್ನು ಮೀರಿತ್ತು. 2001ರಲ್ಲಿ ಸ್ಲೊವೇನಿಯಾದ ಬಲಿಷ್ಠ ಪಂದ್ಯಾವಳಿಯೊಂದರಲ್ಲಿ ಅವನು 9 ಆಟಗಳಿಂದ ಗಳಿಸಿದ್ದು ಅರ್ಧ ಅಂಕ ಮಾತ್ರ. 2015ರಲ್ಲಿ ಫಿಡೆ ಅವನ ಪದವಿಗಳನ್ನು ಕಿತ್ತುಕೊಂಡಿತು. ಇದು ಅಧಿಕ ಮಾನ. ಇನ್ನು ಕೆಲವರು ಬೇಕೆಂದೇ ಸೋತು ಅಂಕವನ್ನು ಇಳಿಸಿಕೊಂಡು, ಕೆಳಮಟ್ಟದವರಿಗಾಗಿ ಮೀಸಲಾದ ವಿಭಾಗಗಳ ನಗದು ಬಹುಮಾನ ಬಾಚುತ್ತಾರೆ. ಇದು ಹೀನ ಮಾನ.

ಉಳಿದ ನಾಲ್ಕು ಅತಿಚಾರಗಳೂ ಈ ಮಣೆಯ ಸುತ್ತ ಕಾಣಸಿಗುತ್ತವೆ. ಕದಿಯುವಂತೆ ಪ್ರೇರಿಸುವುದು ಸ್ತೇನಪ್ರಯೋಗ: 2010ರ ಚದುರಂಗ ಒಲಿಂಪಿಯಾಡ್‌ನಲ್ಲಿ ಫ್ರಾನ್ಸ್ ತಂಡದ ನಾಯಕನೇ ಯಾವ ಮೇಜಿನ ಹಿಂದೆ ನಿಲ್ಲುವನೆಂಬ ಸಂಕೇತದಿಂದ ತನ್ನ ಆಟಗಾರನಿಗೆ ನಡೆ ತಿಳಿಸಿದ, ದೂರದಲ್ಲಿ ಮೂರನೆಯವನೊಬ್ಬ ಕಂಪ್ಯೂಟರ್ ನೋಡಿ ಅವನಿಗೆ ಸಂದೇಶ ಕಳಿಸುತ್ತಿದ್ದ. ಫಿಡೆ ಮೂವರನ್ನೂ ನಿಷೇಧಿಸಿತು. ಕದ್ದು ತಂದುದನ್ನು ಸ್ವೀಕರಿಸುವುದು ತದಾಹೃತಾದಾನ: 2006ರಲ್ಲಿ ದೆಹಲಿಯ ಪಂದ್ಯಾವಳಿಯಲ್ಲಿ ಟೋಪಿಯೊಳಗೆ ಬ್ಲೂಟೂತ್ ಸಾಧನ ಹುದುಗಿಸಿಕೊಂಡು ಹೊರಗಿನಿಂದ ನಡೆಗಳನ್ನು ಪಡೆದ ಭಾರತೀಯ ಆಟಗಾರನಿಗೆ 10 ವರ್ಷ ನಿಷೇಧವಾಯಿತು. ರಾಜಶಾಸನವನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ: ಆಟದ ಸಭಾಂಗಣಕ್ಕೆ ಮೊಬೈಲ್ ಒಯ್ಯಬಾರದೆಂಬ ನಿಯಮವನ್ನು ಉಲ್ಲಂಘಿಸುವುದು ಇದೇ ಜಾತಿಯದು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದು ಪ್ರತಿರೂಪಕ ವ್ಯವಹಾರ: ರಾಶಿ ಅಡಿಕೆಗೆ ಗೊರಬಲು ಬೆರೆಸಿದಂತೆ, ಅಂತರ್ಜಾಲದಲ್ಲಿ ಮಗನ ಹೆಸರಿನಲ್ಲಿ ಬೇರೊಬ್ಬನು ಆಡುವುದು. ಇನ್ನು, ಮೊದಲೇ ಮಾತಾಡಿಕೊಂಡ ಆಟದ ನಡೆಗಳನ್ನು ನಿಜವೆಂಬಂತೆ ಹಾಳೆಯಲ್ಲಿ ಬರೆದು ಸಹಿ ಹಾಕುವುದು ಸತ್ಯವ್ರತದ ಅತಿಚಾರವಾದ ಕೂಟಲೇಖಕ್ರಿಯೆಯೇ ಸರಿ.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ಆಟದ ಆರಂಭದ ಹತ್ತಿಪ್ಪತ್ತು ನಡೆಗಳನ್ನು ಇಂದಿನ ಮಕ್ಕಳು ಪುಸ್ತಕದಿಂದಲೂ ಕಂಪ್ಯೂಟರಿನಿಂದಲೂ ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಅದೂ ಪರರ ಸ್ವತ್ತಲ್ಲವೇ? ಅಲ್ಲ. 1561ರಲ್ಲಿ ಸ್ಪೇನಿನ ಪಾದ್ರಿ ರೂಯ್ ಲೋಪೆಜ್ ಆರಂಭದ ನಡೆಗಳನ್ನು ಕುರಿತು ಗ್ರಂಥ ಬರೆದದ್ದು ಓದುವವರೆಲ್ಲರಿಗಾಗಿ. 1850ರ ದಶಕದಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬವರು ಸ್ಕಾಟ್‌ಲೆಂಡಿನ ಆಟಗಾರ ಕಾಕ್ರೇನನ ಎದುರು ಪದಾತಿಯನ್ನು ಒಂದೊಂದೇ ಮನೆ ನಡೆಸಿ, ಅದರ ಹಿಂದೆ ಒಂಟೆಯನ್ನು ಮೂಲೆಯ ಓಟದ ಮೇಲೆ ನಿಲ್ಲಿಸುತ್ತಿದ್ದರು. ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆಯೆಂಬ ನಾಡಪದ್ಧತಿಯಲ್ಲಿ ಬೆಳೆದವರಿಗೆ ಅದು ಸಹಜವಾಗಿತ್ತು. ಆ ಬಗೆಯ ಆರಂಭಗಳು ‘ಇಂಡಿಯನ್’ ಎಂಬ ಹೆಸರಿನಿಂದ ಜಗತ್ತಿನ ಪಾಲಾಗಿವೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವ ಅದತ್ತಾದಾನವೇ ಚೌರ್ಯದ ಲಕ್ಷಣ. ಆರಂಭದ ನಡೆಗಳಾದರೋ ಎಲ್ಲರಿಗೂ ಕೊಟ್ಟದ್ದು. ಕಲಿತದ್ದನ್ನು ನೆನಪಿನಲ್ಲಿ ಹೊತ್ತು ಬರುವುದು ವಿದ್ಯೆ. ಗಡಿಯಾರ ಓಡತೊಡಗಿದ ಮೇಲೆ ಹೊರಗಿನಿಂದ ತರಿಸಿಕೊಳ್ಳುವುದು ಚೌರ್ಯ. ಮಗ್ಗಿ ಕಲಿತು ಪರೀಕ್ಷೆಗೆ ಹೋಗುವುದಕ್ಕೂ ಚೀಟಿ ಇಟ್ಟುಕೊಂಡು ಹೋಗುವುದಕ್ಕೂ ಇರುವ ಅಂತರವೇ ಇದು.

“ಒಂದೇ ನಡೆ ಕೇಳಿದರೆ ಏನಾಯಿತು?” ಎನ್ನುವವರುಂಟು. ದೇವನೂರಿನವರಿಗೆ ಇದರ ಉತ್ತರವನ್ನು ಬೇರೆಯವರು ಹೇಳಬೇಕಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆಯಲ್ಲಿ ವಿಷ ಕೊಡಬೇಕೆಂದು ಬರೆದಿದ್ದ ಓಲೆ ಒಂದಕ್ಷರದ ತಿದ್ದುಪಡಿಯಿಂದ ವಿಷಯೆಯನ್ನು ಕೊಡಬೇಕೆಂದು ಆಯಿತು. ಅಲ್ಲಿ ಒಂದಕ್ಷರವು ನಿರಪರಾಧಿಯ ಪ್ರಾಣ ಉಳಿಸಿತೆಂಬುದು ಬೇರೆ ಮಾತು. ಅಲ್ಪವಾದದ್ದು ಇಡೀ ಫಲವನ್ನೇ ತಿರುಗಿಸಬಲ್ಲದೆಂಬುದು ಇಲ್ಲಿ ಗ್ರಾಹ್ಯ. ನುರಿತ ಆಟಗಾರನಿಗೆ ಇಡೀ ಆಟದಲ್ಲಿ ಒಂದೇ ಒಂದು ಸುಳಿವು ಸಾಕೆಂದು ಅಗ್ರಮಾನ್ಯರೇ ಹೇಳಿದ್ದಾರೆ. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ವಿಶ್ವವಿಜೇತ ಕಾಸ್ಪರೋವನನ್ನು ಸೋಲಿಸಿತು. ಇಂದು ಅದಕ್ಕಿಂತ ಬಲವಾದ ಯಂತ್ರ ಎಲ್ಲರ ಅಂಗೈಯ ಮೊಬೈಲಿನಲ್ಲಿದೆ. 2019ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಇಗೋರ್ಸ್ ರೌಸಿಸ್ ಸ್ಟ್ರಾಸ್‌ಬರ್ಗ್‌ನ ಪಂದ್ಯಾವಳಿಯಲ್ಲಿ ಶೌಚಾಲಯದೊಳಗೆ ಮೊಬೈಲ್ ನೋಡುತ್ತ ಸಿಕ್ಕಿಬಿದ್ದಾಗ ಅವರ ವಯಸ್ಸು 58. ಪದವಿ ಹೋಯಿತು, ಆರು ವರ್ಷ ನಿಷೇಧವಾಯಿತು.

ಹಾಗೆಂದು ಗೆದ್ದವರನ್ನೆಲ್ಲ ಶಂಕಿಸುವುದೂ ಧರ್ಮವಲ್ಲ. 2022ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹ್ಯಾನ್ಸ್ ನೀಮನ್‌ಗೆ ಸೋತ ವಿಶ್ವವಿಜೇತ ಕಾರ್ಲ್‌ಸನ್ ಪಂದ್ಯಾವಳಿಯಿಂದಲೇ ಹೊರನಡೆದು, ತರುವಾಯ ಮೋಸದ ಆರೋಪ ಮಾಡಿದರು. ನೀಮನ್ ಹಿಂದೆ ಅಂತರ್ಜಾಲದ ಆಟದಲ್ಲಿ ತಪ್ಪಿದ್ದನ್ನು ಒಪ್ಪಿಕೊಂಡಿದ್ದರೂ, ಎದುರುಬದುರು ಕುಳಿತ ಆ ಆಟದಲ್ಲಿ ಮೋಸ ನಡೆದುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ಸಕಾರಣವಿಲ್ಲದೆ ಹೊರನಡೆದುದಕ್ಕಾಗಿ 2023ರಲ್ಲಿ ಕಾರ್ಲ್‌ಸನ್‌ಗೆ 10,000 ಯೂರೋ ದಂಡ ಬಿತ್ತು. ಆಲೋಚಿಸದೆ ದೋಷ ಹೊರಿಸುವ ‘ಸಹಸಾಭ್ಯಾಖ್ಯಾನ’ವನ್ನು ಶ್ವೇತಾಂಬರ ಆಗಮವು ಸತ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಮಗ ಸೋತನೆಂದು ಎದುರಾಳಿಯ ಮಗುವನ್ನು ಕಳ್ಳನೆನ್ನುವ ತಂದೆಯೂ ವ್ರತಭಂಗಕ್ಕೆ ಗುರಿಯಾಗುತ್ತಾನೆ.

ಬಸದಿಗಳ ಟ್ರಸ್ಟಿನವರೂ ಯುವಕ ಸಂಘದವರೂ ಮಹಾವೀರ ಜಯಂತಿಯ ಸಂದರ್ಭದಲ್ಲಿ ಮಕ್ಕಳಿಗೆ ಚದುರಂಗ ಸ್ಪರ್ಧೆ ಏರ್ಪಡಿಸುವುದಾದರೆ ಕೆಲವು ಕ್ರಮಗಳನ್ನು ಪಾಲಿಸುವುದು ಯುಕ್ತ. ಪಣವಿಟ್ಟು ಆಡುವುದು ಸಪ್ತವ್ಯಸನಗಳಲ್ಲಿ ಒಂದಾದ ದ್ಯೂತವಾಗುವುದರಿಂದ ಹಣದ ಪಂಥ ಕೂಡದು. ಬಹುಮಾನವಾಗಿ ಪುಸ್ತಕ ಕೊಡಬಹುದು. ಮೊಬೈಲುಗಳನ್ನು ಬಾಗಿಲಲ್ಲೇ ಪಡೆದು ಚೀಟಿ ಕೊಡಬೇಕು. ತಾಯಿತಂದೆಯರು ಮಣೆಯ ಬಳಿ ನಿಲ್ಲಬಾರದು. ದೂರಿದ್ದರೆ ತೀರ್ಪುಗಾರರ ಬಳಿ ಮಾತ್ರ, ಅದೂ ಬರವಣಿಗೆಯಲ್ಲಿ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಪದ್ಧತಿ ಚದುರಂಗದ ಪರಂಪರೆಯಲ್ಲೇ ಇದೆ. ಆಟ ಮುಗಿದೊಡನೆ ಗೆದ್ದವನೂ ಸೋತವನೂ ಕಾಯಿಗಳನ್ನು ಮತ್ತೆ ಜೋಡಿಸಿ, ಎಲ್ಲಿ ಯಾರು ತಪ್ಪಿದರೆಂದು ಒಟ್ಟಿಗೆ ನೋಡುತ್ತಾರೆ. ಸಂಜೆಯ ಪ್ರತಿಕ್ರಮಣವನ್ನು ಬಲ್ಲ ಮನೆಯ ಮಕ್ಕಳಿಗೆ ಇದು ಅಪರಿಚಿತವೆನಿಸದು. ಕದ್ದ ನಡೆಯಿಂದ ಗೆದ್ದವನು ಈ ಕೂಟದಲ್ಲಿ ಕೂರಲಾರ. ತನ್ನದಲ್ಲದ ನಡೆಗೆ ಕಾರಣ ಹೇಳಲು ಅವನಲ್ಲಿ ಮಾತಿರುವುದಿಲ್ಲ. ಅಂತರ್ಜಾಲದ ಆ ಆಟದಲ್ಲಿ ಕಳೆದುಹೋದದ್ದೂ ಇದೇ. ವಿಶ್ವವಿಜೇತರ ಎದುರು ಕುಳಿತು ತನ್ನ ನಿಜವಾದ ಅಳತೆಯನ್ನು ತಿಳಿದುಕೊಳ್ಳುವ ಅಪೂರ್ವ ಅವಕಾಶವನ್ನು ಆಟಗಾರನು ತನ್ನಿಂದಲೇ ಕದ್ದುಕೊಂಡಿದ್ದ. ಆ ನಷ್ಟ ಯಾರ ಪುಸ್ತಕದಲ್ಲೂ ಖರ್ಚು ಬೀಳುವುದಿಲ್ಲ. ಅದನ್ನು ಮಕ್ಕಳಿಗೆ ತೋರಿಸಿಕೊಡುವ ಹೊಣೆ ಹಿರಿಯರದು.