ಹಿನ್ನೀರಿನ ಮೇಲೆ ಒಂದು ಸಂಜೆ

ಘೋಣಸಗಿಯಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ಭಯವೆಂದರೆ ನೀರಿಲ್ಲದಿರುವ ಭಯವೇ. ವಿಜಯಪುರದ ಈ ಸೀಮೆಯಲ್ಲಿ ಮೋಡ ಕವಿದರೆ ಜನ ಒಳಗೆ ಓಡುವುದಿಲ್ಲ. ಅಂಗಳಕ್ಕೆ ಬಂದು ಮುಗಿಲು ನೋಡುತ್ತಾರೆ. ಡೋಣಿ ಹರಿದರೆ ಓಣಿ ತುಂಬ ಜೋಳವೆಂಬ ಮಾತನ್ನು ಕೇಳುತ್ತ ದೊಡ್ಡವನಾದ ನನಗೆ, ಮೋಡ ಕಂಡು ಮುಖ ಬಾಡಿಸುವವರೂ ನಮ್ಮ ಜಿಲ್ಲೆಯಲ್ಲಿ ಇದ್ದಾರೆಂಬುದು ತಿಳಿದದ್ದು ನಿವೃತ್ತಿಯ ನಂತರ, ಕೃಷ್ಣೆಯ ಹಿನ್ನೀರಿನ ಮೇಲೆ.

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಜಲಾಶಯಕ್ಕೆ ಅವರದೇ ಹೆಸರು. ಅದು 519.60 ಮೀಟರಿನ ಪೂರ್ಣ ಮಟ್ಟ ಮುಟ್ಟಿದಾಗ ಕೊಲ್ಹಾರದ ಬಳಿ ಕೃಷ್ಣೆಯನ್ನು ಹೊಳೆಯೆನ್ನಲು ನಾಲಿಗೆ ಏಳುವುದಿಲ್ಲ. ಮಣ್ಣಿನ ಗಡಿಗೆಯ ಮೊಸರಿಗೆ ಹೆಸರಾದ ಆ ಊರಿನವರು ಹಳೆಯ ನೆಲೆಯನ್ನು ನೀರಿಗೆ ಬಿಟ್ಟುಕೊಟ್ಟು ಮೇಲೆ ಬಂದು ನೆಲೆಸಿದವರು.

ಅಲ್ಲಿಯ ಮೀನುಗಾರರೊಬ್ಬರು ನನಗೆ ಪರಿಚಿತರು, ಹೆಚ್ಚು ಕಡಿಮೆ ನನ್ನ ವಯಸ್ಸಿನವರು. ಶೀಗಿ ಹುಣ್ಣಿಮೆಗೆ ಎರಡು ದಿನ ಮೊದಲು, ಬಲೆ ಬಿಡಲು ಹೊರಟವರ ಹರಿಗೋಲಿನಲ್ಲಿ ನಾನೂ ಕುಳಿತೆ. ಬಿದಿರಿನ ಬುಟ್ಟಿ, ಅದಕ್ಕೆ ಡಾಂಬರು ಬಳಿದ ಹೊದಿಕೆ, ಒಂದೇ ಹುಟ್ಟು. ಸಾಲ ಮಾಡಿ ತಂದ ಹೊಸ ಬಲೆಯನ್ನು ನಡುನೀರಿನಲ್ಲಿ ಬಿಟ್ಟು ಮುಗಿಸುವಷ್ಟರಲ್ಲಿ ಈಶಾನ್ಯದಲ್ಲಿ ಕಪ್ಪು ಎದ್ದಿತು. ಅವರು ಮಾತು ನಿಲ್ಲಿಸಿದರು.

ಗಾಳಿ ಬಂತು. ಹರಿಗೋಲಿಗೆ ಹಿಂದು ಮುಂದು ಇಲ್ಲ. ಚಪ್ಪಟೆ ತಳದ ಅದು ಬೇಗನೆ ಮಗುಚದು, ಆದರೆ ಬೀಸುಗಾಳಿಗೆ ಸಿಕ್ಕಿದರೆ ಬುಗುರಿಯಂತೆ ತಿರುಗುತ್ತದೆ. ಬಯಲು ನೀರಿನಲ್ಲಿ ಗಾಳಿ ದೂರದಿಂದ ಓಡಿಬಂದಷ್ಟೂ ಅಲೆ ಎತ್ತರವಾಗುತ್ತದೆ. ನಮ್ಮ ದಡ ಉತ್ತರಕ್ಕಿತ್ತು. ನಾನು ಅತ್ತ ಕೈ ಮಾಡಿದೆ.

“ಗಾಳಿ ಕೂಡ ಜಗಳ ಬ್ಯಾಡ್ರಿ ಮಾಸ್ತರ, ಅದು ಒಯ್ದ ಕಡೆ ಹೋಗೂಣು. ನೀವು ತಳಕ್ಕ ಕೂಡ್ರಿ, ನೀರು ಚೆಲ್ರಿ” ಎಂದು ತಂಬಿಗೆಯನ್ನು ನನ್ನ ಕೈಗಿತ್ತರು.

“ಬಲೆ?” ಎಂದೆ. ಅವರು ಒಮ್ಮೆ ಹಿಂದಿರುಗಿ ನೋಡಿದರು, ಉತ್ತರ ಕೊಡಲಿಲ್ಲ.

ನಲವತ್ತು ವರ್ಷ ಕನ್ನಡ ಓದಿದ ಕೈಗೆ ಆ ಹೊತ್ತು ತಂಬಿಗೆಯೊಂದೇ ವಿದ್ಯೆ. ಎಷ್ಟು ಚೆಲ್ಲಿದೆನೋ ಅಷ್ಟೇ ಒಳಬಂತು. ಅವರು ಮಾತ್ರ ಹುಟ್ಟನ್ನು ಬೀಸಿ ಎಳೆಯಲಿಲ್ಲ. ಬುಟ್ಟಿ ತಿರುಗದಂತೆ ನೀರಿನಲ್ಲಿ ಊರಿ ಹಿಡಿದಿದ್ದರು, ಅಷ್ಟೆ. ಬೀಳಗಿಯ ಕಡೆಯ ದಡಕ್ಕೆ ಅಲೆಯೇ ನಮ್ಮನ್ನು ತಂದು ಎಸೆಯಿತು.

ಹತ್ತಿರವೇ ದೊಡ್ಡ ಜಾಲಿಮರವಿತ್ತು. ಸಿಡಿಲಿಗೆ ಮರ ಕರೆಯುತ್ತದೆಂದು ಅತ್ತ ಹೋಗಗೊಡದೆ, ತಗ್ಗಿನಲ್ಲಿ ಒಬ್ಬರಿಂದೊಬ್ಬರು ದೂರ ಕುಕ್ಕುರುಗಾಲಿನಲ್ಲಿ ಕೂರಿಸಿದರು. ಮಿಂಚು ಸರಿದು ಬರಿಯ ಮಳೆ ಉಳಿದಾಗ ಹರಿಗೋಲನ್ನು ಬೋರಲು ಹಾಕಿ, ಒಂದು ಅಂಚಿಗೆ ಕಲ್ಲಿನ ಆಸರೆ ಕೊಟ್ಟರು. ಅದೇ ನಮ್ಮ ಮಾಡು. ನೆನೆದು ಮೆತ್ತಗಾದ ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ತಿಂದೆವು. ನಡುರಾತ್ರಿ ಮುಗಿಲು ಹರಿದು ಬೆಳುದಿಂಗಳು ಬಿದ್ದಿತು. ಅವರು ಎದ್ದು ಹೋಗಿ ದಡದಲ್ಲಿ ನಿಂತು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು.

ಬೆಳಿಗ್ಗೆ ಬಲೆಯ ಅರ್ಧ ಸಿಕ್ಕಿತು, ನೀರಿನೊಳಗಿನ ಮರದ ಮೋಟಿಗೆ ತೊಡರಿಕೊಂಡು. ಉಳಿದರ್ಧ ಎಲ್ಲಿ ಹೋಯಿತೋ. ಸಿಕ್ಕಿದ್ದರಲ್ಲಿ ನಾಲ್ಕು ಮೀನು. ದಡ ಸೇರಿದೊಡನೆ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯಲು ಕುಳಿತರು. ಇನ್ನೊಂದು ತುದಿಯನ್ನು ನನಗೆ ಹಿಡಿಯಹೇಳಿದರು. ಮಧ್ಯಾಹ್ನದವರೆಗೆ ಹಿಡಿದಿದ್ದೆ.