ಹಡಗಿನ ಒಂದು ಹಗಲು, ಪಿಲಿಕುಳದ ನೀರಾಟ

ಸಾಲಗಾಮೆಯವರಿಗೆ ಸಮುದ್ರವೆಂದರೆ ಮಂಗಳೂರು. ಹಾಸನಕ್ಕೆ ಬಂದು, ಸಕಲೇಶಪುರವನ್ನು ದಾಟಿ, ಶಿರಾಡಿ ಘಟ್ಟದ ತಿರುವುಗಳನ್ನು ಇಳಿದರೆ ಗಾಳಿಯಲ್ಲಿ ಉಪ್ಪಿನ ವಾಸನೆ ಸುಳಿಯತೊಡಗುತ್ತದೆ. ರೈಲಿನಲ್ಲಿ ಹೋಗುವವರಿಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ ಐವತ್ತೇಳು ಸುರಂಗಗಳ ಕತ್ತಲೆ–ಬೆಳಕಿನಾಟ. 1979ರಲ್ಲಿ ತೆರೆದ ಈ ಹಾದಿಯು ಹಳಿಗಳ ಅಗಲೀಕರಣಕ್ಕಾಗಿ 1996ರಲ್ಲಿ ಮುಚ್ಚಿತು. ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷಗಳ ಕಾಲ ಹಾಸನದವರ ಸಮುದ್ರವು ಬಸ್ಸಿನವರ ಕೈಯಲ್ಲಿತ್ತು.

ಅದೇ ಮಂಗಳೂರಿಗೆ ಇನ್ನೊಂದು ದಿಕ್ಕಿನಿಂದ, ನೀರಿನ ಮೇಲಿಂದ ಬಂದು ಇಳಿಯುವವರೂ ಉಂಟು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಪ್ರವಾಸಿ ಹಡಗುಗಳು ಒಂದೊಂದಾಗಿ ಅಲ್ಲಿಗೆ ಬರುತ್ತವೆ. 2016ರ ಡಿಸೆಂಬರಿನಿಂದ ಕೋಸ್ಟಾ ನಿಯೋಕ್ಲಾಸಿಕಾ ಎಂಬ ಇಟಲಿಯ ಹಡಗು ಮುಂಬಯಿಯಿಂದ ಹೊರಟು ಮಂಗಳೂರು, ಕೊಚ್ಚಿಗಳನ್ನು ಮುಟ್ಟಿ ಮಾಲ್ದೀವಿಗೆ ಯಾನ ಮಾಡತೊಡಗಿತು. ವಿದೇಶದ ಸಿರಿವಂತರಿಗೆ ಮಾತ್ರ ಮೀಸಲೆಂದು ತೋರುತ್ತಿದ್ದ ವಿಹಾರವು ಮುಂಬಯಿಯ ನೌಕರವರ್ಗದ ಸಂಸಾರಗಳ ಎಣಿಕೆಯೊಳಕ್ಕೂ ಬಂದುದು ಆಗ. 2020ರಲ್ಲಿ ಮಹಾಮಾರಿಯಿಂದ ಹಡಗುಗಳು ನಿಂತುಹೋದವು. ಪಣಂಬೂರಿನ ಕಟ್ಟೆಗೆ ಅವು ಮರಳಿದ್ದು 2022ರ ನವೆಂಬರಿನಲ್ಲಿ.

ಹಡಗು ಬೆಳಿಗ್ಗೆ ಬಂದು ಸಂಜೆಗೆ ಹೊರಡುತ್ತದೆ. ನಡುವಿನ ಎಂಟು ಹತ್ತು ಗಂಟೆಗಳಲ್ಲಿ ಮಾಡುವುದೇನು? ಹಡಗಿನವರೇ ಏರ್ಪಡಿಸುವ ಸಂಚಾರದ ಪಟ್ಟಿ ಹೆಚ್ಚು ಬದಲಾಗುವುದಿಲ್ಲ: ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದಲ್ಲಿ 1432ರಲ್ಲಿ ನಿಂತ ನಲವತ್ತೆರಡು ಅಡಿಯ ಗೊಮ್ಮಟ, ಕುದ್ರೋಳಿಯ ಗೋಕರ್ಣನಾಥ, ಮೊಸ್ಕೇನಿಯ ಚಿತ್ರಗಳಿರುವ ಅಲೋಶಿಯಸ್ ಪ್ರಾರ್ಥನಾಲಯ, ಒಂದು ಗೋಡಂಬಿ ಕಾರ್ಖಾನೆ. ಎಲ್ಲವೂ ನೋಡತಕ್ಕವೇ. ಆದರೆ ಶ್ರವಣಬೆಳಗೊಳದ ನೆರೆಯಲ್ಲೇ ಹುಟ್ಟಿ ಬೆಳೆದವರಿಗೆ ಇನ್ನೊಂದು ಗೊಮ್ಮಟನನ್ನು ತೋರಿಸುವುದಕ್ಕೆ ಹಡಗೇ ಬೇಕೆ? ಹಾಗೆಂದೇ ಕೆಲವರು ಆ ಪಟ್ಟಿಯನ್ನು ಬದಿಗಿಟ್ಟು, ತಾವೇ ಬಾಡಿಗೆ ಕಾರು ಹಿಡಿದು ಪಿಲಿಕುಳಕ್ಕೆ ಹೊರಡುತ್ತಾರೆ.

ಇಂಥ ಒಂದು ಸಂಸಾರವನ್ನು ವಾಚಕರು ಭಾವಿಸಿಕೊಳ್ಳಲಿ. ಮಗ ಸೊಸೆ ಇಬ್ಬರು ಮಕ್ಕಳೊಡನೆ ಮುಂಬಯಿಯಲ್ಲಿ ಹಡಗು ಹತ್ತಿದ್ದಾರೆ. ಅಜ್ಜಿಯೂ ದೊಡ್ಡಪ್ಪನ ಮನೆಯವರೂ ಸಾಲಗಾಮೆಯಲ್ಲಿದ್ದಾರೆ. ಎರಡು ವರ್ಷದಿಂದ ಪರಸ್ಪರ ಮುಖ ಕಂಡಿಲ್ಲ. ರಜೆಯಿರುವುದೇ ಒಂದು ವಾರ, ಅದು ಹಡಗಿಗೆ ಸರಿಹೋಯಿತು. ಹಾಗಾದರೆ ಭೇಟಿ ಎಲ್ಲಿ? ಹಡಗಿನವರ ಸಂಚಾರದಲ್ಲಿ ನೆಂಟರಿಗೆ ಆಸನವಿಲ್ಲ. ಸ್ವತಂತ್ರವಾಗಿ ಹೊರಟರೆ ಮಾತ್ರ ಘಟ್ಟದವರೂ ಕಡಲಿನವರೂ ಒಂದು ಹಗಲು ಕೂಡಬಹುದು. ಮಕ್ಕಳಿರುವ ಕಡೆ ಕೂಡುವುದಕ್ಕೆ ನೀರಿಗಿಂತ ಒಳ್ಳೆಯ ನೆಪವುಂಟೆ?

ನೀರು ಬಂದರಿನ ಪಕ್ಕದಲ್ಲೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಪಣಂಬೂರಿನ ಕಡಲತೀರ ಮನೋಹರವಾದುದೇ ಸರಿ; ಅಲೆಗಳಿಗೆ ಟಿಕೆಟೂ ಇಲ್ಲ. ಆದರೆ ಪಶ್ಚಿಮದ ಕಡಲು ಕಾಲಡಿಯ ಮರಳನ್ನು ಸದ್ದಿಲ್ಲದೆ ಎಳೆಯುತ್ತದೆ. ಕೆರೆಯಲ್ಲಿ ಈಜು ಕಲಿತ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆರೆಯ ನೀರು ನಿಂತಲ್ಲಿ ನಿಲ್ಲುತ್ತದೆ, ಕಡಲ ನೀರು ಹಿಂದಕ್ಕೆ ಹೋಗುವಾಗ ಮನುಷ್ಯನನ್ನೂ ಜೊತೆಗೆ ಕರೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದವರು ತೀರದಲ್ಲಿ ಮರಳಿನ ಮನೆ ಕಟ್ಟಿಸಿ ಹಿಂದಿರುಗುವುದೇ ಮೇಲು.

ಪಿಲಿಕುಳವಿರುವುದು ವಾಮಂಜೂರಿನ ಬಳಿ, ಗುರುಪುರ ನದಿಯ ಸೀಮೆಯಲ್ಲಿ. ಪಿಲಿ ಎಂದರೆ ತುಳುವಿನಲ್ಲಿ ಹುಲಿ. ಹುಲಿಗಳು ನೀರು ಕುಡಿಯುತ್ತಿದ್ದ ಕೊಳವೆಂದು ಹೆಸರಿನ ಅರ್ಥ. ಶಿವರಾಮ ಕಾರಂತರ ಹೆಸರನ್ನು ಹೊತ್ತ ಈ ನಿಸರ್ಗಧಾಮದಲ್ಲಿ ಕೆರೆ, ಮೃಗಾಲಯ, ತುಳುನಾಡಿನ ಗುತ್ತಿನ ಮನೆ, 2018ರಲ್ಲಿ ತೆರೆದ ತಾರಾಲಯ ಎಲ್ಲವೂ ಸೇರಿವೆ. ನೀರಾಟಕ್ಕೆಂದೇ ಏರ್ಪಟ್ಟ ಉದ್ಯಾನದ ಹೆಸರು ಮಾನಸ. ಬಂದರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರು. ಕೂಳೂರಿನ ಸೇತುವೆ, ನಂತೂರಿನ ವೃತ್ತ, ಕುಲಶೇಖರ ಇವುಗಳಲ್ಲಿ ಎಲ್ಲಿ ವಾಹನಗಳು ಸಾಲುಗಟ್ಟಿದರೂ ಮುಕ್ಕಾಲು ಗಂಟೆಯ ದಾರಿ ಒಂದೂವರೆ ಗಂಟೆಯಾಗಬಹುದು. ಉದ್ಯಾನವು ಆ ದಿನ ತೆರೆದಿದೆಯೇ ಎಂದು ಹಡಗು ಹತ್ತುವ ಮೊದಲೇ ದೂರವಾಣಿಯಲ್ಲಿ ವಿಚಾರಿಸಿಕೊಂಡಿರಬೇಕು. ಮುಚ್ಚಿದ ಬಾಗಿಲಿನ ಮುಂದೆ ನಿಲ್ಲುವುದಕ್ಕೆ ಹಡಗಿನ ಪ್ರಯಾಣಿಕನ ಬಳಿ ಹೊತ್ತಿರುವುದಿಲ್ಲ.

ಹೊತ್ತಿನ ಲೆಕ್ಕವೇ ಈ ಸಂಚಾರದ ಪ್ರಾಣ. ಎಂಟಕ್ಕೆ ಹಡಗು ಕಟ್ಟೆಗೆ ಬಂದರೆ, ಕಾಗದಪತ್ರಗಳ ತಪಾಸಣೆ ಮುಗಿದು ಹೆಬ್ಬಾಗಿಲಿನ ಹೊರಗೆ ಬರುವಾಗ ಒಂಬತ್ತೂವರೆ. ಪಿಲಿಕುಳಕ್ಕೆ ಹತ್ತೂವರೆ. ಹಡಗು ಸಂಜೆ ಆರಕ್ಕೆ ಹೊರಡುವುದಾದರೆ ಪ್ರಯಾಣಿಕರು ಐದಕ್ಕೆಲ್ಲ ಒಳಗಿರಬೇಕು. ಎಂದರೆ ಪಿಲಿಕುಳವನ್ನು ಮೂರಕ್ಕೆ ಬಿಡಬೇಕು. ಹಡಗಿನವರ ಬಸ್ಸು ತಡವಾದರೆ ಹಡಗು ಅದಕ್ಕಾಗಿ ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ತಪ್ಪಿಸಿಕೊಂಡವರು ತಮ್ಮ ಖರ್ಚಿನಲ್ಲಿ ಮುಂದಿನ ಬಂದರಿಗೆ ಹೋಗಿ ಹಡಗನ್ನು ಹಿಡಿಯಬೇಕು. ಮುಂದಿನದು ಕೊಚ್ಚಿಯಾದರೆ ರೈಲುಂಟು, ಪರದೇಶದ ಬಂದರಾದರೆ ವಿಮಾನವೇ ಗತಿ. ಹಡಗಿನಿಂದಿಳಿಯುವಾಗ ಗುರುತಿನ ಚೀಟಿ, ಪಾಸ್‌ಪೋರ್ಟಿನ ಪ್ರತಿ, ಸ್ವಲ್ಪ ಹಣ ಇವನ್ನು ಜೊತೆಗಿಟ್ಟುಕೊಳ್ಳಬೇಕೆಂದು ಅನುಭವಸ್ಥರು ಹೇಳುವುದು ಈ ಕಾರಣಕ್ಕೇ.

ಇತ್ತ ಸಾಲಗಾಮೆಯವರಿಗೂ ಗಡಿಯಾರವಿದೆ. ಅವರು ಹಿಂದಿನ ರಾತ್ರಿಯೇ ಹಾಸನದಲ್ಲಿ ಗಾಡಿ ಹತ್ತಿ, ಐವತ್ತೇಳು ಸುರಂಗಗಳನ್ನೂ ನಿದ್ದೆಯಲ್ಲಿ ದಾಟಿ ಬಂದಿರುತ್ತಾರೆ. ಅಜ್ಜಿಯ ಕೈಯಲ್ಲಿ ಚಕ್ಕುಲಿ, ಕೋಡುಬಳೆ, ಬುತ್ತಿಯನ್ನದ ಗಂಟು. ಬಾಗಿಲಲ್ಲಿ ಚೀಟಿ ಕೊಳ್ಳುವುದನ್ನು ಕಂಡು ಆಕೆಗೆ ಆಶ್ಚರ್ಯ.

“ನೀರಲ್ಲಿ ಆಡೋಕೂ ದುಡ್ಡು ಕೊಡಬೇಕೇನಪ್ಪ? ನಮ್ಮೂರ ಕೆರೇಲಿ ಯಾರು ಟಿಕೆಟ್ ಕೇಳಿದ್ರು?”

“ಇಲ್ಲಿ ನೀರಿಗೆ ಔಷಧಿ ಹಾಕಿ ಶುದ್ಧ ಮಾಡ್ತಾರೆ ಕಣಮ್ಮ,” ಎಂದು ಮಗ ಸಮಾಧಾನ ಹೇಳಬೇಕಾಗುತ್ತದೆ.

ಅವನ ಮಾತು ಸುಳ್ಳಲ್ಲ. ಇಂಥ ಉದ್ಯಾನಗಳಲ್ಲಿ ಒಂದೇ ನೀರನ್ನು ಮರಳಿನ ಶೋಧಕಗಳಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಪಂಪುಗಳಿಂದ ಮತ್ತೆ ಮತ್ತೆ ಮೇಲಕ್ಕೆತ್ತುತ್ತಾರೆ. ಜಾರುಬಂಡೆಯ ಮೇಲೆ ಸದಾ ಹರಿಯುವ ತೆಳುವಾದ ನೀರಿನ ಪದರವು ಮೈಗೂ ಬಂಡೆಗೂ ಉಜ್ಜಾಟವಿಲ್ಲದಂತೆ ಮಾಡುತ್ತದೆ. ಎತ್ತರದಿಂದ ಇಳಿಯುವಾಗ ಹೊಟ್ಟೆಯಲ್ಲಿ ಏಳುವ ಜುಮ್ಮೆಂಬ ಅನುಭವಕ್ಕೆ ಅದೇ ಮೂಲ. ಅಲೆಯ ಕೊಳದಲ್ಲಂತೂ ಗೋಡೆಯ ಹಿಂದಿನ ಯಂತ್ರವು ನೀರನ್ನು ಲಯಬದ್ಧವಾಗಿ ತಳ್ಳುತ್ತದೆ. ಎರಡು ದಿನ ನಿಜವಾದ ಅರಬ್ಬೀ ಸಮುದ್ರದ ಮೇಲೆ ತೇಲಿ ಬಂದವರು ಹಣ ತೆತ್ತು ಯಂತ್ರದ ಅಲೆಗೆ ಕಾಯುವುದು ನಗೆಗೀಡಾದ ಸಂಗತಿಯೆನಿಸಬಹುದು. ಆದರೆ ಹಡಗಿನ ಕಟಕಟೆಯಿಂದ ಕಾಣುವ ಅಲೆಯನ್ನು ಮುಟ್ಟುವಂತಿಲ್ಲ. ಕೊಳದ ಅಲೆಯಾದರೋ ಇಂತಿಷ್ಟೇ ಆಳವೆಂದು ಮೊದಲೇ ಮಾತು ಕೊಟ್ಟಿರುತ್ತದೆ.

ಉಡುಪಿನದು ಬೇರೆಯೇ ಕಥೆ. ಹತ್ತಿಯ ಬಟ್ಟೆಯ ನೂಲೆಳೆ ಶೋಧಕಕ್ಕೆ ಸಿಕ್ಕಿಕೊಳ್ಳುತ್ತದೆಂದು ನೀರಾಟದ ಉದ್ಯಾನಗಳಲ್ಲಿ ನೈಲಾನಿನ ಉಡುಪನ್ನೇ ಕೇಳುವುದು ವಾಡಿಕೆ. ಇಲ್ಲದವರು ಬಾಡಿಗೆಗೆ ಪಡೆಯಬೇಕು. ಬಾಡಿಗೆಯ ಕೊಳೆಬಣ್ಣದ ಅಂಗಿಯಲ್ಲಿ ದೊಡ್ಡಪ್ಪನವರು ಹೊರಬಂದಾಗ ಮಕ್ಕಳಿಗಾಗುವ ಆನಂದ ಯಾವ ಜಾರುಬಂಡೆಯಿಂದಲೂ ದೊರೆಯಲಾರದು. ಅಜ್ಜಿ ಮಾತ್ರ ಸೀರೆ ಬಿಟ್ಟು ಬೇರೆ ಉಡಲೊಲ್ಲಳು. ನೆರಳಿನಲ್ಲಿ ಕುಳಿತು ಮೊಮ್ಮಕ್ಕಳ ಚಪ್ಪಲಿ ಕಾಯುತ್ತಾಳೆ.

ಬುತ್ತಿಯ ಗಂಟನ್ನು ಒಳಗೆ ಬಿಡದಿದ್ದರೆ ಚಿಂತೆಯಿಲ್ಲ. ಹೊರಗೆ ಬಂದು ಮರದಡಿಯಲ್ಲಿ ಬಿಚ್ಚಿದರಾಯಿತು. ಆದರೆ ಅಲ್ಲಿಯೇ ತಿಂದು ಮುಗಿಸಬೇಕು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿನೊಳಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲವೆಂಬ ನಿಯಮವನ್ನು ಅಜ್ಜಿಗೆ ತಿಳಿಸುವುದು ಹೇಗೆ?

“ಅಷ್ಟು ದೊಡ್ಡ ಹಡಗಿನಲ್ಲಿ ಒಂದು ಡಬ್ಬಿಗೆ ಜಾಗವಿಲ್ಲವೇ?”

ಸೊಸೆ ಉತ್ತರ ಹೇಳದೆ ಇನ್ನೆರಡು ಕೋಡುಬಳೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಉಳಿದುದು ಕಾರಿನ ಚಾಲಕನ ಪಾಲಾಗುತ್ತದೆ. ಅವನು ತುಳುವಿನಲ್ಲಿ ಏನೋ ಹೊಗಳುತ್ತಾನೆ. ಭಾಷೆ ಬಾರದಿದ್ದರೂ ಅಜ್ಜಿಗೆ ಅರ್ಥವಾಗುತ್ತದೆ.

ಮೂರು ಗಂಟೆ. ಇನ್ನೊಮ್ಮೆ ಜಾರಬೇಕೆಂದು ಕಿರಿಯವನ ಅಳು. ಹಿಂದಿರುಗುವ ದಾರಿಯಲ್ಲಿ ಕೂಳೂರಿನ ಸೇತುವೆಯ ಮೇಲೆ ಲಾರಿಗಳು ಕದಲದೆ ನಿಂತಿರುವಾಗ ಮಗನ ಕಣ್ಣು ಪದೇ ಪದೇ ಕೈಗಡಿಯಾರದತ್ತ ಹೋಗುತ್ತದೆ. ನಾಲ್ಕೂ ಇಪ್ಪತ್ತಕ್ಕೆ ಬಂದರಿನ ಹೆಬ್ಬಾಗಿಲು ಕಾಣುತ್ತದೆ.

ಕತ್ತಲಾಗುವ ಹೊತ್ತಿಗೆ ಹಡಗು ಬಂದರಿನ ಬಾಯಿಯನ್ನು ದಾಟಿ ದಕ್ಷಿಣಕ್ಕೆ ತಿರುಗುತ್ತದೆ. ಅದರ ಸ್ನಾನದ ಕೋಣೆಯಲ್ಲಿ ಮಕ್ಕಳ ಒದ್ದೆ ಉಡುಪುಗಳಿಂದ ಕ್ಲೋರಿನ್ನಿನ ವಾಸನೆ ಹಾಯುತ್ತಿರುತ್ತದೆ. ಅದೇ ವಾಸನೆಯ ಇನ್ನೊಂದು ಗಂಟು ಬಸ್ಸಿನಲ್ಲಿ ಗುಂಡ್ಯವನ್ನು ದಾಟಿ ಘಟ್ಟ ಹತ್ತುತ್ತಿದೆ. ಖಾಲಿ ಡಬ್ಬಿ ಅಜ್ಜಿಯ ಮಡಿಲಲ್ಲಿದೆ.