ನೆರಳು ನೋಡಿ ನಡೆಯಿರಿ: ವಂಡರ್‌ಲಾದಲ್ಲೊಂದು ದಿನ

ಡಿಸೆಂಬರ್ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬೇಲೂರು, ಹಳೇಬೀಡು, ಜೋಗ ಎಂದು ಮೇಷ್ಟ್ರುಗಳು ಪಟ್ಟಿ ಹಾಕುತ್ತಿದ್ದರೆ ಮಕ್ಕಳ ಬಾಯಲ್ಲಿ ಒಂದೇ ಹೆಸರು: ವಂಡರ್‌ಲಾ. ಕೊಚ್ಚಿಯಲ್ಲಿ 2000ದಲ್ಲಿ ಇಂಥದೇ ಪಾರ್ಕು ಕಟ್ಟಿದ್ದ ವಿ-ಗಾರ್ಡ್ ಸಂಸ್ಥೆಯ ಕೊಚೌಸೇಫ್ ಚಿಟ್ಟಿಲಪಿಳ್ಳಿ ಅವರು ಮೈಸೂರು ರಸ್ತೆಯ ಬಿಡದಿ ಬಳಿ ಇದನ್ನು ಆರಂಭಿಸಿದ್ದು 2005ರಲ್ಲಿ.

ನಮ್ಮ ಕಡೆಯಿಂದ ಬಸ್ಸಿನಲ್ಲಿ ಹೋಗುವವರು ಅರಸೀಕೆರೆ, ತಿಪಟೂರು, ತುಮಕೂರು ದಾಟಿ, ಬೆಂಗಳೂರಿನ ಒಳಹೊಕ್ಕದೆ, ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಸೇರುವುದು ಲೇಸು. ನಸುಕಿನಲ್ಲೇ ಹೊರಡಬೇಕು.

ಪಾರ್ಕಿನ ವಿಸ್ತೀರ್ಣ 82 ಎಕರೆ. ಅಷ್ಟು ಜಾಗ ಸರಿಯಾದ ಚೌಕವಾಗಿದ್ದರೆ ಒಂದು ಬದಿ ಸುಮಾರು 575 ಮೀಟರ್ ಆಗುತ್ತದೆ (ವರ್ಗಮೂಲ ಕಲಿತವರು ಲೆಕ್ಕ ಹಾಕಿ ನೋಡಿ, ಒಂದು ಎಕರೆಗೆ 4,047 ಚದರ ಮೀಟರ್). ಈ ಕೊನೆಯಿಂದ ಆ ಕೊನೆಗೆ ಐದು ಸಲ ಅಲೆದರೆ ಮೂರು ಕಿಲೋಮೀಟರಿನ ಹತ್ತಿರ! ಹೊಲದ ಕೆಲಸದ ದುಡ್ಡಿನಲ್ಲಿ ಉಳಿಸಿ ಟಿಕೆಟ್ಟಿಗೆ ಕೊಟ್ಟ ತಂದೆತಾಯಿಗಳ ಮಕ್ಕಳು ಅರ್ಧ ದಿನ ದಾರಿ ಹುಡುಕುವುದರಲ್ಲೇ ಕಳೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಫೋನು ಇದೆಯಲ್ಲ ಎನ್ನಬಹುದು. ನೀರಿಗಿಳಿಯುವ ಹೊತ್ತಿಗೆ ಅದು ಲಾಕರ್ ಸೇರಿರುತ್ತದೆ. ಗುಂಪು ಚದುರುವುದೂ ಅಲ್ಲೇ, ಅಲೆಗಳ ಕೊಳದ ಗದ್ದಲದಲ್ಲಿ.

ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ನಕ್ಷೆ ನೋಡಿ. ಇಂಥ ಪಾರ್ಕಿನ ನಕ್ಷೆಗಳು ಬಣ್ಣದ ಚಿತ್ರಗಳು, ಸಮಾಜ ಪುಸ್ತಕದ ನಕ್ಷೆಯಂತಲ್ಲ, ಅಳತೆಯನ್ನು ನಂಬುವಂತಿಲ್ಲ. ಕಡೂರಿನಲ್ಲಾದರೆ ಬಾಬಾಬುಡನ್‌ಗಿರಿಯ ಸಾಲು ಕಂಡರೆ ಪಡುವಣ ಯಾವುದೆಂದು ತಿಳಿಯುತ್ತದೆ. ಬಿಡದಿಯ ಪಾರ್ಕಿನೊಳಗೆ ಆ ಬೆಟ್ಟವೆಲ್ಲಿ? ಆದರೆ ನೆರಳಿದೆ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರದೆ ದಕ್ಷಿಣಕ್ಕೆ ವಾಲಿರುತ್ತಾನೆ. ಹನ್ನೆರಡೂಕಾಲರ ಸುಮಾರಿಗೆ ನಿಮ್ಮ ನೆರಳು ನೇರ ಉತ್ತರಕ್ಕೆ ಬೀಳುತ್ತದೆ. 140 ಸೆಂಟಿಮೀಟರ್ ಎತ್ತರದ ಹುಡುಗನದಾದರೆ ಸುಮಾರು ಒಂದು ಮೀಟರ್ ಉದ್ದ. ಬೆಳಿಗ್ಗೆ ವಾಯವ್ಯದತ್ತ, ಮಧ್ಯಾಹ್ನ ಇಳಿದ ಮೇಲೆ ಈಶಾನ್ಯದತ್ತ ತಿರುಗುತ್ತದೆ. ನಕ್ಷೆಯ ಮೂಲೆಯಲ್ಲಿ ಉತ್ತರಕ್ಕೊಂದು ಬಾಣ ಗುರುತಿಸಿಕೊಂಡರೆ ಸಾಕು. ಏಪ್ರಿಲ್ ಕೊನೆಯಲ್ಲಿ ಹೋದವರಿಗೆ ಈ ಉಪಾಯ ದಕ್ಕದು, ಆಗ ನಡುಹಗಲಿನ ನೆರಳು ಕಾಲಡಿಯಲ್ಲೇ ಅಡಗಿರುತ್ತದೆ.

ಇನ್ನೊಂದು ಗುರುತು, ಗೋಪುರದ ಮೇಲೆ ಕೂರಿಸಿರುವ ಸ್ಕೈ ವೀಲ್. ತಪ್ಪಿಸಿಕೊಂಡವರು ಯಾರನ್ನೂ ಹುಡುಕಬಾರದು, ಅದರ ಬುಡಕ್ಕೆ ಬಂದು ನಿಲ್ಲಬೇಕೆಂದು ನಾನು ಬಸ್ಸಿನಲ್ಲೇ ಹೇಳಿರುತ್ತೇನೆ. ಇಬ್ಬರೂ ಅಲೆಯುತ್ತಿದ್ದರೆ ಭೇಟಿಯಾಗುವುದು ಕಷ್ಟ, ಒಬ್ಬರು ನಿಂತರೆ ಸುಲಭ. ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಗುಂಪಿನಿಂದ ಬೇರೆಯಾದಳು. ನಾವು ಅಲ್ಲಿಗೆ ಬಂದಾಗ ಒದ್ದೆ ತಲೆಯಲ್ಲಿ ಕೈಕಟ್ಟಿ ನಿಂತಿದ್ದಳು. ಅಳುವೇನೂ ಇಲ್ಲ. "ಸಾರ್, ನೀವೇ ತಡ" ಎಂದಳು!

ಒಣ ಆಟಗಳನ್ನು ಮೊದಲು ಮುಗಿಸಿ, ಅದರಲ್ಲೂ ದೂರದವನ್ನು. ಗೇಟಿನ ಹತ್ತಿರದವಕ್ಕೆ ಎಲ್ಲರೂ ನುಗ್ಗುತ್ತಾರೆ. ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಮಗುಚಿ ಸುತ್ತಿ, ಹೋದ ದಾರಿಯಲ್ಲೇ ಹಿಮ್ಮುಖವಾಗಿ ಮರಳುತ್ತದೆ. ಎತ್ತರಕ್ಕೆ ಎಳೆದು ಬಿಟ್ಟ ಮೇಲೆ ಓಡಿಸುವುದು ಎಂಜಿನ್ ಅಲ್ಲ, ಗುರುತ್ವ. ಪ್ರಚ್ಛನ್ನಶಕ್ತಿ ಚಲನಶಕ್ತಿಯಾಗುವ ಪಾಠವನ್ನು ಕರಿಹಲಗೆಯ ಮೇಲೆ ಅರ್ಧ ಗಂಟೆ ಮಾಡಿದರೂ ಇಷ್ಟು ನಾಟುವುದಿಲ್ಲ.

ಪೋಷಕರಿಗೆ ಒಂದು ಮಾತು. ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಹಲವು ಆಟಗಳಿಗೂ ಎತ್ತರದ ಮಿತಿ ಇದೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ತಿಳಿಸಿಬಿಡಿ. ಸರದಿಯಲ್ಲಿ ಬಹಳ ಹೊತ್ತು ಕಾದ ಮಗುವನ್ನು ಅಳತೆಪಟ್ಟಿ ವಾಪಸು ಕಳಿಸುವಾಗಿನ ಮುಖ ನೋಡಲಾಗದು. ನೀರಿಗೆ ನೈಲಾನ್ ಬಟ್ಟೆಯೇ ಆಗಬೇಕು, ಹತ್ತಿಯದು ನಡೆಯದು. ಜೊತೆಗೆ ಒಣಬಟ್ಟೆ, ಸ್ವೆಟರು. ಚಳಿಗಾಲದ ರಾತ್ರಿ ತಿಪಟೂರು ದಾಟುವಾಗ ಕಿಟಕಿಯ ಗಾಳಿ ಸಣ್ಣದಲ್ಲ. ಬೀರೂರಿನಲ್ಲಿ ತರೀಕೆರೆಯ ದಾರಿ, ಅಜ್ಜಂಪುರದ ದಾರಿ ಬೇರೆಯಾಗುವ ಹೊತ್ತಿಗೆ ಹಿಂದಿನ ಸೀಟಿನವರೆಲ್ಲ ನಿದ್ದೆಯಲ್ಲಿರುತ್ತಾರೆ. ಇಳಿಸಿಕೊಳ್ಳಲು ಬರುವವರು ಹೆಗಲಿಗೊಂದು ಕಂಬಳಿ ಹಾಕಿಕೊಂಡೇ ಬನ್ನಿ.